ಮಂಗ ಸಾಯುವ ಮುನ್ನವೇ ಉಣುಗಿನ ಲೆಕ್ಕ
ತಾಳಗುಂದದ ಸೀಮೆಯಲ್ಲಿ ಈ ವಾರ ಕೊಟ್ಟಿಗೆಗೆ ದರಗು ತರುವ ಕೆಲಸ ಶುರುವಾಗಿದೆ. ಆ ಒಣ ಎಲೆಗಳ ನಡುವೆಯೇ ಉಣುಗಿನ ಎಳೆಯ ಮರಿಗಳೂ ಕಾದಿರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಹೆಚ್ಚಾಗಿ ಅಂಟುವುದು ಈ ಮರಿಗಳಿಂದ, ಡಿಸೆಂಬರಿನಿಂದ ಮೇ ತಿಂಗಳೊಳಗೆ. ಈ ಕಾಯಿಲೆಯಿಂದ ಮಂಗ ಸತ್ತ ಜಾಗದ ಸುತ್ತ ಕೀಟನಾಶಕ ಎರಚಿ ಉಣುಗು ಹುಡುಕುವುದು ಅಗತ್ಯವೇ, ಆದರೆ ಅಷ್ಟರಲ್ಲಿ ವೈರಸ್ ಕಾಡಿನಲ್ಲಿ ಹರಡಿರುತ್ತದೆ. ಹೋಬಳಿ ಹೋಬಳಿಯಲ್ಲಿ ಮಳೆಯನ್ನು ದಿನವೂ ಅಳೆಯುವ ನಾವು ಉಣುಗನ್ನೂ ಹಾಗೆ ತಪ್ಪದೆ ಅಳೆಯಬೇಕು. ವಿಧಾನ ಸರಳ: ಬಿಳಿ ಬಟ್ಟೆಯನ್ನು ನೆಲದ ಮೇಲೆ ಗೊತ್ತುಪಡಿಸಿದಷ್ಟು ಹೊತ್ತು ಎಳೆದು, ಅಂಟಿದ ಉಣುಗುಗಳನ್ನು ಎಣಿಸಿ, ಜಾತಿವಾರು ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸುವುದು; ಜೊತೆಗೆ ನೆಲದ ತೇವ, ಉಷ್ಣಾಂಶ, ದರಗಿನ ದಪ್ಪ, ದನ ಮೇಯುವ ದಾರಿ ಬರೆದಿಡುವುದು. ಈ ಕೊನೆಯದನ್ನು ಬಿಡಲೇಬಾರದು. ಬೆಳೆದ ಉಣುಗು ರಕ್ತ ಹೀರುವುದು ಬಹುಪಾಲು ದನಗಳ ಮೈಯಿಂದಲೇ. ಬಟ್ಟೆಗೆ ಅಂಟುವುದು ಕಾಡಿನ ಉಣುಗಿನಲ್ಲಿ ಒಂದು ಪಾಲು ಮಾತ್ರ, ಅಂಟಿದ್ದರಲ್ಲೂ ವೈರಸ್ ಇರುವುದು ಕೆಲವಕ್ಕೆ ಎಂಬ ಆಕ್ಷೇಪ ನಿಜ. ಆದರೆ ಅದೇ ಜಾಗ, ಅದೇ ವಿಧಾನ, ಅದೇ ತಿಂಗಳು ಎಂದಾದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಕಾಣುತ್ತದೆ, ನಮಗೆ ಬೇಕಾದದ್ದೂ ಅದೇ. ಖರ್ಚಿನ ಮಾತು ಎತ್ತುವವರು 2019ರಲ್ಲಿ ಸಾಗರದ ಅರಳಗೋಡು ಈ ಕಾಯಿಲೆಯಿಂದ ಕಂಡ ಸಾವುಗಳನ್ನು ನೆನೆಯಲಿ. ಹಳೆಯ ಲಸಿಕೆಯ ಬಳಕೆಯೂ ನಿಂತಿರುವ ಈಗ, ಯಾವ ಕಾಡಿಗೆ ಹೋಗಬಾರದು, ಎಲ್ಲಿ ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಲೇಬೇಕು ಎಂದು ದರಗು ಹೊರುವ ಹೆಣ್ಣುಮಕ್ಕಳಿಗೆ ನವೆಂಬರಿನಲ್ಲೇ ಹೇಳಲು ಈ ಲೆಕ್ಕ ಬೇಕು.