ಗವಾನರ ಊರಿನಲ್ಲಿ ಕತ್ತಲ ತರಗತಿಗಳು

ಬೀದರ್‌ನ ಮಹಮೂದ್ ಗವಾನ್ ಮದ್ರಸಾ ನೋಡಲು ಬಂದವರು ಅದರ ಬಣ್ಣದ ಹೆಂಚುಗಳನ್ನೂ ಉಳಿದಿರುವ ಒಂದೇ ಮಿನಾರನ್ನೂ ಕಂಡು ಮರಳುತ್ತಾರೆ. ಆದರೆ ನೋಡಬೇಕಾದದ್ದು ಒಳಗಿದೆ. ನಡುವೆ ವಿಶಾಲವಾದ ಅಂಗಳ, ಅದರ ಸುತ್ತ ಮೂರು ಅಂತಸ್ತುಗಳಲ್ಲಿ ಕೋಣೆಗಳು, ಬಿಸಿಲನ್ನು ತಡೆಯುವ ದಪ್ಪ ಗೋಡೆಗಳು. ಬಹಮನಿ ವಜೀರ ಗವಾನ್ 1472ರಲ್ಲಿ ಪಾಠದ ಕೊಠಡಿ, ಗ್ರಂಥಾಲಯ, ಮಸೀದಿ, ಗುರು-ಶಿಷ್ಯರ ವಸತಿ ಎಲ್ಲವನ್ನೂ ಒಂದೇ ಕಟ್ಟಡದೊಳಗೆ ಜೋಡಿಸಿದರು. 1696ರ ಸಿಡಿಮದ್ದಿನ ಸ್ಫೋಟ ಅದರ ಒಂದು ಪಾರ್ಶ್ವವನ್ನೇ ಕೆಡವಿತು. ಅಳಿದುಳಿದ ಕೋಣೆಗಳಿಗೆ ಇಂದಿಗೂ ದೀಪವಿಲ್ಲದೆಯೇ ಬೆಳಕು ಬರುತ್ತದೆ.

ಇದೇ ಜಿಲ್ಲೆಯಲ್ಲಿ ನಾವು ಇಂದು ಕಟ್ಟುತ್ತಿರುವುದೇನು? ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್‌ಗಳಲ್ಲಾಗಲಿ ಅಂಗಡಿ ಮಳಿಗೆಗಳ ಮೇಲಂತಸ್ತಿನಲ್ಲಿ, ತಗಡಿನ ಸೂರಿನಡಿಯಲ್ಲಿ ನಡೆಯುವ ಶಾಲೆಗಳನ್ನು ಓದುಗರು ಕಂಡೇ ಇರುತ್ತಾರೆ. ಉಷ್ಣಾಂಶ 40 ಡಿಗ್ರಿ ದಾಟುವ ಈ ನಾಡಿನಲ್ಲಿ ಅಲ್ಲಿ ಕೂತ ಮಗು ಪುಟ ತಿರುವುವ ಮೊದಲೇ ಬಳಲಿರುತ್ತದೆ. ಆಮೇಲೆ, 'ಹುಡುಗನಿಗೆ ಓದಿನ ಮೇಲೆ ಮನಸ್ಸಿಲ್ಲ' ಎಂದು ನಾವೇ ತೀರ್ಪು ನೀಡಿಬಿಡುತ್ತೇವೆ!

ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯ 27 ಪ್ರಾಥಮಿಕ ಶಾಲೆಗಳ 153 ತರಗತಿಗಳ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿತು. ಮಕ್ಕಳ ಒಂದು ವರ್ಷದ ಓದು, ಬರಹ, ಗಣಿತದ ಪ್ರಗತಿಯಲ್ಲಿ ಕಂಡುಬಂದ ವ್ಯತ್ಯಾಸದ ಶೇ. 16ರಷ್ಟನ್ನು ತರಗತಿಯ ಭೌತಿಕ ರಚನೆಯೇ ವಿವರಿಸುತ್ತದೆ ಎಂಬುದು ಅದರ ನಿಷ್ಕರ್ಷೆ. ಬೆಳಕು, ಗಾಳಿ, ಉಷ್ಣಾಂಶಗಳು ಅದರಲ್ಲಿ ಪ್ರಧಾನ. ಅಲ್ಲಿಯದು ಚಳಿಯ ದೇಶ, ಇಲ್ಲಿಯ ಸಂಕಟ ಬಿಸಿಲಿನದು. ಆದರೂ ಮಗುವಿನ ಕಣ್ಣು ಮತ್ತು ಶ್ವಾಸಕೋಶ ಎಲ್ಲಿಯೂ ಒಂದೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಸರ್ವಋತು ಕಟ್ಟಡ, ಗ್ರಂಥಾಲಯ, ಆಟದ ಮೈದಾನ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯಗಳನ್ನು ಕಡ್ಡಾಯಗೊಳಿಸಿತು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿರಿಸಿತು. ಸಂಸ್ಥೆಗಳ ಸ್ವಾಯತ್ತತೆಯ ದೃಷ್ಟಿಯಿಂದ ಅದನ್ನು ನಾವು ಸ್ವಾಗತಿಸಿದೆವು. ಆದರೆ ವಿನಾಯಿತಿ ದೊರೆತದ್ದು ಆಡಳಿತ ಮಂಡಳಿಗೆ. ಕತ್ತಲಲ್ಲಿ ಕೂರುವುದು ಮಾತ್ರ ಮಗು. ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಸಂಜೆಯವರೆಗೆ ಕೂರುವ ಬಾಲಕಿಗೆ ಯಾವ ಸ್ವಾಯತ್ತತೆ?

ಸರಕಾರವೂ ತಪ್ಪಿತಸ್ಥನೇ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯಡಿ ಬರುವ ಅನುದಾನದಲ್ಲಿ ಕೊಠಡಿಗಳನ್ನು ಎಣಿಸಲಾಗುತ್ತದೆಯೇ ಹೊರತು ಕಿಟಕಿ ಯಾವ ದಿಕ್ಕಿಗಿದೆಯೆಂದು ಕೇಳುವವರಿಲ್ಲ. ಆದರೆ ಚಂದಾ ಎತ್ತಿ ಕಟ್ಟುವ ನಮ್ಮ ಶಾಲೆಗಳ ನಕ್ಷೆ ನಮ್ಮ ಕೈಯಲ್ಲೇ ಇದೆ. ಹೆಬ್ಬಾಗಿಲ ಕಮಾನಿಗೆ, ದಾನಿಗಳ ಹೆಸರಿನ ಅಮೃತಶಿಲೆಗೆ ಹಣ ಒದಗುತ್ತದೆ. ಎದುರುಬದುರು ಎರಡು ಕಿಟಕಿಗಳಿಗೆ, ಒಂದು ಬೇವಿನ ಗಿಡಕ್ಕೆ, ಸುಣ್ಣ ಬಳಿದ ಮಾಳಿಗೆಗೆ ಒದಗುವುದಿಲ್ಲ.

ಮುಂದಿನ ಪ್ರವೇಶಾತಿಗೆ ಹೋಗುವ ಹೆತ್ತವರು ಶುಲ್ಕ ವಿಚಾರಿಸುವ ಮೊದಲು ತರಗತಿಯ ದೀಪ, ಫ್ಯಾನುಗಳನ್ನು ಆರಿಸಲು ಹೇಳಲಿ. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಬೆಂಚಿನಲ್ಲಿ ಕುಳಿತು ಮಗುವಿನ ಪಠ್ಯಪುಸ್ತಕದ ಒಂದು ಪುಟವನ್ನು ತಾವೇ ಓದಿ ನೋಡಲಿ.