ಕೈಗೆ ಪಳಗಿದ ಚಾಕು

ಶ್ರೀನಿವಾಸಪುರ ತಾಲ್ಲೂಕೆಂದರೆ ಮಾವು. ಯಲ್ದೂರು ಹೋಬಳಿಯ ತೋಟಗಾರ ಕನ್ನಡಕ ಮರೆತು ಹೊರಟರೂ ನಡೆದೀತು, ಜೇಬಿನಲ್ಲಿ ಮಡಚುವ ಚಾಕು ಇಲ್ಲದಿದ್ದರೆ ಕೈ ಕಟ್ಟಿದಂತೆ. ಕಸಿ ಕಡ್ಡಿ ಕೊಯ್ಯಲು, ಗೋಣಿಚೀಲದ ಹುರಿ ಹರಿಯಲು, ಹನಿ ನೀರಾವರಿಯ ಕೊಳವೆ ತುಂಡರಿಸಲು ಅದೇ ಬೇಕು.

ಆದರೆ ಅಂಗಡಿಯಿಂದ ತಂದ ಚಾಕು ಹೊಸ ಚಪ್ಪಲಿಯಿದ್ದ ಹಾಗೆ, ಮೊದಮೊದಲು ಕಚ್ಚುತ್ತದೆ. ಹಿಡಿಯ ಮೂಲೆ ಅಂಗೈಗೆ ಒತ್ತುತ್ತದೆ, ಕೂತರೆ ತೊಡೆಗೆ ಚುಚ್ಚುತ್ತದೆ, ಜೇಬು ತೂತಾಗುತ್ತದೆ. ಇದಕ್ಕೆ ಇನ್ನೊಂದು ಚಾಕು ಕೊಳ್ಳುವುದು ಪರಿಹಾರವಲ್ಲ. ಇರುವುದನ್ನೇ ತಿದ್ದಿಕೊಳ್ಳಬಹುದು.

ಮೊದಲು ಹಿಡಿ. ಅಲಗನ್ನು ಮಡಚಿ ಬಟ್ಟೆ ಪಟ್ಟಿ ಸುತ್ತಿ, ಮರದ ಹಿಡಿಯಲ್ಲಿ ಒತ್ತುವ ಅಂಚನ್ನಷ್ಟೇ ಮರಳು ಕಾಗದದಿಂದ ಉಜ್ಜಬೇಕು. ಬೆವರಿನಲ್ಲಿ ಜಾರುವಷ್ಟು ನುಣುಪು ಬೇಡ. ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿ ಒಣಗಲು ಬಿಡಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿಯೇ ಕಾದು ಹೊತ್ತಿಕೊಂಡೀತು.

ಜೇಬು ಉಳಿಯಬೇಕಾದರೆ ದಪ್ಪ ಬಟ್ಟೆಯದೋ ತೊಗಲಿನದೋ ಒಂದು ಒರೆ ಹೊಲಿಸಿದರಾಯಿತು. ಕೊಡವರು ಪೀಚೆಕತ್ತಿಯನ್ನು ಒರೆಯ ಸಮೇತ ಸೊಂಟದ ಚೇಲೆಗೆ ಸಿಕ್ಕಿಸಿಕೊಳ್ಳುವ ಜಾಣತನವೂ ಇದೇ. ಹಿಡಿಯಲ್ಲಿ ತೂತಿದ್ದರೆ ಗೇಣುದ್ದದ ಕೆಂಪು ಹುರಿ ಕಟ್ಟಬಹುದು. ತರಗೆಲೆಯ ನಡುವೆ ಬಿದ್ದರೆ ಕಣ್ಣಿಗೆ ಬೀಳುತ್ತದೆ.

ಅಲಗಿನ ವಿಷಯದಲ್ಲಿ ಮಾತ್ರ ಹುಷಾರು. ಕಸಿ ಚಾಕುವಿಗೆ ಒಂದೇ ಮಗ್ಗುಲಲ್ಲಿ ಇಳಿಜಾರು, ಇನ್ನೊಂದು ಚಪ್ಪಟೆ. ಹಾಗಿದ್ದರೇ ಕೊಯ್ತ ಸಮತಟ್ಟಾಗಿ ಬಂದು, ಸಸಿಯ ಮತ್ತು ಕಡ್ಡಿಯ ತೊಗಟೆಯಡಿಯ ಜೀವಪದರಗಳು ಬೆಸೆಯುತ್ತವೆ. ಎರಡೂ ಕಡೆ ಮಸೆದರೆ ಕೊಯ್ತ ಡೊಂಕಾಗಿ ಕಸಿ ಒಣಗುವ ಭಯ. ಎಡಗೈಯವರಿಗೆ ಇಳಿಜಾರು ಆಚೆ ಮಗ್ಗುಲಲ್ಲಿರುವ ಚಾಕುವೇ ಬೇಕು. ವಿದ್ಯುತ್ ಸಾಣೆಚಕ್ರಕ್ಕೆ ಹಿಡಿದು ಅಲಗು ನೀಲಿಗಟ್ಟಿತೋ, ಉಕ್ಕಿನ ಹದ ಹೋದಂತೆಯೇ. ನೀರು ಚಿಮುಕಿಸಿದ ಸಾಣೆಕಲ್ಲೇ ಲೇಸು.

ಮಾವಿನ ಸೊನೆ ಒರೆಸದೆ ಮಡಚಿದರೆ ಕೀಲು ಅಂಟಿಕೊಳ್ಳುತ್ತದೆ. ಅಲಗನ್ನು ಒರೆಸಿ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸಾಕು. ಕೊಬ್ಬರಿ ಎಣ್ಣೆ ಕ್ರಮೇಣ ಜಿಗುಟಾಗುತ್ತದೆ. ಸಲೀಸಾಗಿ ತೆರೆಯಲೆಂದು ಸ್ಪ್ರಿಂಗನ್ನೇ ಸಡಿಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಟ್ಟಿ ಕಡ್ಡಿಗೆ ಒತ್ತಿದಾಗ ಅಲಗು ಮಡಚಿ ಬೆರಳಿನ ಮೇಲೆಯೇ ಬಿದ್ದೀತು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗುವ ಉಕ್ಕಿನ ಬಳೆಯೊಂದು ಸೇರಿತು. ಬಳೆ ತಿರುಗಿಸಿದರೆ ತೆರೆದ ಅಲಗು ಮಡಚಿಕೊಳ್ಳದು. ಅಂಥ ಬೀಗವಿಲ್ಲದ ಚಾಕುವಿಗೆ ಬಿಗಿ ಸ್ಪ್ರಿಂಗೇ ಕಾವಲು.

ಇಷ್ಟು ಮಾಡಿಕೊಂಡರೆ ಅಗ್ಗದ ಚಾಕುವೂ ವರ್ಷಗಟ್ಟಲೆ ಜೊತೆಗಿರುತ್ತದೆ. ವಿಮಾನ ಹತ್ತುವ ದಿನ ಮಾತ್ರ ಅದನ್ನು ಮನೆಯಲ್ಲೇ ಬಿಡಿ. ಕೈಗೆ ಪಳಗಿದ್ದೆಂಬ ಮುಲಾಜು ತಪಾಸಣೆಯವರಿಗಿಲ್ಲ.