ಹೊಣೆಗಾರರ ಪಟ್ಟಿಯಲ್ಲಿ ಸಚಿವರ ಹೆಸರೇಕಿಲ್ಲ?

ಕೋವಿಡ್ ಮುಗಿದ ಅಧ್ಯಾಯ, ಅದನ್ನು ಮತ್ತೆ ಕೆದಕುವುದೇಕೆ ಎಂದು ಪ್ರಶ್ನಿಸುವವರಿದ್ದಾರೆ. ಅಂದು ಅಧಿಕಾರದಲ್ಲಿದ್ದವರಿಗೆ ಅದು ಮುಗಿದ ಅಧ್ಯಾಯವಾಗಿರಬಹುದು. ಆದರೆ ಬೀದರ್, ಭಾಲ್ಕಿ, ಔರಾದ್‌ಗಳ ಓಣಿಗಳಲ್ಲಿ ಮನೆಗೆ ಆಧಾರವಾಗಿದ್ದವರನ್ನು ಕಳೆದುಕೊಂಡ ಕುಟುಂಬಗಳ ಪಾಲಿಗೆ ಅದು ಇನ್ನೂ ಮುಗಿದಿಲ್ಲ. ಸರಕಾರದ ಲೆಕ್ಕದ ಪ್ರಕಾರವೇ ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಈ ರೋಗಕ್ಕೆ ಬಲಿಯಾದರು. ಇವೆಲ್ಲವೂ ಸರಕಾರದ ತಪ್ಪಿನಿಂದಾದ ಸಾವುಗಳು ಎಂದು ನಾವು ಹೇಳುವುದಿಲ್ಲ. ಜಗತ್ತನ್ನೇ ನಡುಗಿಸಿದ ರೋಗವದು. ಆದರೆ ಅವುಗಳಲ್ಲಿ ತಪ್ಪಿಸಬಹುದಾಗಿದ್ದ ಸಾವುಗಳೂ ಇದ್ದುವು ಎಂಬುದನ್ನು ಯಾರು ತಾನೇ ನಿರಾಕರಿಸಿಯಾರು? ಆ ಸಾವುಗಳ ಹೊಣೆ ಹೊತ್ತು ರಾಜ್ಯದಲ್ಲಿ ಒಬ್ಬರೇ ಒಬ್ಬ ಸಚಿವರು ರಾಜೀನಾಮೆ ಕೊಟ್ಟರೇ? ಇಲ್ಲ.

ಬೀದರ್ ಜಿಲ್ಲೆಯಿಂದಲೇ ಆರಂಭಿಸೋಣ. ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ 2020 ಸೆಪ್ಟೆಂಬರ್ 24ರಂದು ಕೋವಿಡ್‌ನಿಂದಲೇ ತೀರಿಕೊಂಡರು. ಅವರಿಂದ ತೆರವಾದ ಸ್ಥಾನಕ್ಕೆ 2021 ಎಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಎರಡನೇ ಅಲೆ ಏರುತ್ತಿದ್ದ ದಿನಗಳವು. ಸಾಮಾನ್ಯ ಪ್ರಜೆಯ ಮದುವೆಗೆ, ಅಂತ್ಯಸಂಸ್ಕಾರಕ್ಕೆ ಇಷ್ಟೇ ಮಂದಿ ಸೇರಬೇಕೆಂಬ ಕಟ್ಟಳೆ ಇತ್ತು. ರಾಜಕೀಯ ಪಕ್ಷಗಳ ಪ್ರಚಾರಕ್ಕೆ ಆ ಕಟ್ಟಳೆ ಅಡ್ಡಿಯಾಗಲಿಲ್ಲ. ಉಪಚುನಾವಣೆಗಳ ಪ್ರಚಾರ ಮುಗಿಯುವಷ್ಟರಲ್ಲಿ, ಎಪ್ರಿಲ್ 16ರಂದು, ಸ್ವತಃ ಮುಖ್ಯಮಂತ್ರಿ ಯಡಿಯೂರಪ್ಪನವರೇ ಸೋಂಕಿತರಾಗಿ ಆಸ್ಪತ್ರೆ ಸೇರಿದರು. ರೋಗದಿಂದ ಸತ್ತ ಜನಪ್ರತಿನಿಧಿಯ ಸ್ಥಾನ ತುಂಬಲು ರೋಗವನ್ನೇ ಲೆಕ್ಕಿಸದೆ ಜನ ಸೇರಿಸಿದ ಪಕ್ಷಗಳಲ್ಲಿ ಆಳುವವರೂ ಇದ್ದರು, ವಿರೋಧಿಸುವವರೂ ಇದ್ದರು. ಈ ಪಾಪದಲ್ಲಿ ಯಾರೊಬ್ಬರೂ ಕೈತೊಳೆದುಕೊಳ್ಳುವಂತಿಲ್ಲ.

ಆ ಚುನಾವಣೆಯ ಫಲಿತಾಂಶ ಬಂದದ್ದು ಮೇ 2ರಂದು. ಬಸವಕಲ್ಯಾಣದಲ್ಲಿ ಗೆದ್ದ ಪಕ್ಷ ಸಂಭ್ರಮಿಸುತ್ತಿದ್ದ ಅದೇ ದಿನ ರಾತ್ರಿ, ರಾಜ್ಯದ ಇನ್ನೊಂದು ತುದಿಯಲ್ಲಿರುವ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. 24 ಗಂಟೆಗಳಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ವಾದಿಸಿದರು. ಅದೇ ವರ್ಷ ಜುಲೈ 20ರಂದು ಕೇಂದ್ರದ ಆರೋಗ್ಯ ಖಾತೆಯ ಸಹಾಯಕ ಸಚಿವೆ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ಇನ್ನೂ ವಿಚಿತ್ರವಾಗಿತ್ತು. ಆಮ್ಲಜನಕದ ಕೊರತೆಯಿಂದಲೇ ಸಾವಾಗಿದೆಯೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲವಂತೆ! ಚಾಮರಾಜನಗರದ ಇಪ್ಪತ್ತನಾಲ್ಕು ಮಂದಿ ಬೆಂಗಳೂರಿನ ಬಾಯಲ್ಲಿ ಮೂವರಾದರು, ದಿಲ್ಲಿಯ ಬಾಯಲ್ಲಿ ಸೊನ್ನೆಯಾದರು. ಸತ್ತವರನ್ನು ಬದುಕಿಸಲಾಗದ ಸರಕಾರಗಳು ಅವರ ಲೆಕ್ಕವನ್ನಾದರೂ ಸರಿಯಾಗಿ ಕೊಡಬಹುದಿತ್ತಲ್ಲವೇ?

ಸಚಿವರ ವರ್ತನೆಯನ್ನೂ ಒಮ್ಮೆ ನೆನಪಿಸಿಕೊಳ್ಳಬೇಕು. 2020ರ ಎಪ್ರಿಲ್‌ನಲ್ಲಿ ಜನರು ಲಾಕ್‌ಡೌನ್‌ನಲ್ಲಿ ಅನ್ನಕ್ಕಾಗಿ ಪರದಾಡುತ್ತಿದ್ದಾಗ, ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ ಸುಧಾಕರ್ ಮಕ್ಕಳೊಂದಿಗೆ ಈಜುಕೊಳದಲ್ಲಿರುವ ಚಿತ್ರವನ್ನು ಹಂಚಿಕೊಂಡರು. ಅದೇ ವರ್ಷದ ಜುಲೈನಲ್ಲಿ ಆರೋಗ್ಯ ಸಚಿವ ಶ್ರೀರಾಮುಲು, ಇನ್ನು ದೇವರೇ ಕಾಪಾಡಬೇಕು ಎಂಬರ್ಥದ ಮಾತನ್ನಾಡಿದರು. ಮರು ವರ್ಷ ಎಪ್ರಿಲ್ 28ರಂದು, ಪಡಿತರದ ಅಕ್ಕಿಯನ್ನು ಐದು ಕಿಲೋದಿಂದ ಎರಡು ಕಿಲೋಗೆ ಇಳಿಸಿದ್ದೇಕೆ, ನಾವು ಸಾಯಬೇಕೇ ಎಂದು ಫೋನಿನಲ್ಲಿ ಕೇಳಿದ ರೈತರೊಬ್ಬರಿಗೆ ಆಹಾರ ಸಚಿವ ಉಮೇಶ್ ಕತ್ತಿಯವರು ಸಾಯುವುದೇ ಒಳ್ಳೆಯದು ಎಂಬ ಉತ್ತರ ಕೊಟ್ಟರು. ಕತ್ತಿಯವರು ಬಳಿಕ ಕ್ಷಮೆ ಕೇಳಿದರು, 2022ರಲ್ಲಿ ತೀರಿಯೂಹೋದರು. ತೀರಿಹೋದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಸಿದವನಿಗೆ ಸಾವನ್ನು ಸೂಚಿಸಿದ ಮೇಲೂ ಸಚಿವ ಪದವಿ ಅಲುಗಾಡಲಿಲ್ಲವೆಂದರೆ, ಆ ಪದವಿಯನ್ನು ಅಲುಗಾಡಿಸಲು ಇನ್ನೆಂಥ ಮಾತು ಬೇಕಿತ್ತು ಎಂಬುದೇ ನಮ್ಮ ಪ್ರಶ್ನೆ.

ಇಷ್ಟಕ್ಕೂ ಆ ದಿನಗಳಲ್ಲಿ ಹೊಣೆಗಾರರ ಪಟ್ಟಿಯೇ ತಯಾರಾಗಲಿಲ್ಲ ಎಂದು ಯಾರೂ ತಿಳಿಯಬೇಕಿಲ್ಲ. ಪಟ್ಟಿ ತಯಾರಾಗಿತ್ತು. ಅದರಲ್ಲಿದ್ದ ಹೆಸರುಗಳು ಮಾತ್ರ ಬೇರೆ. ಚಾಮರಾಜನಗರದ ದುರಂತ ನಡೆದು ಎರಡೇ ದಿನಗಳಲ್ಲಿ, ಮೇ 4ರಂದು, ಸಂಸದ ತೇಜಸ್ವಿ ಸೂರ್ಯ ಮತ್ತು ಅವರ ಜೊತೆಗಿದ್ದ ಶಾಸಕರು ಬೆಂಗಳೂರಿನ ಕೋವಿಡ್ ವಾರ್ ರೂಮ್‌ಗೆ ಹೋದರು. ಹಾಸಿಗೆ ಹಂಚಿಕೆಯ ಅವ್ಯವಹಾರದ ನೆಪದಲ್ಲಿ, ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ 17 ಮುಸ್ಲಿಮರ ಹೆಸರುಗಳನ್ನಷ್ಟೇ ಆರಿಸಿ ಓದಲಾಯಿತು. ಅವರಲ್ಲಿ ಯಾರ ಮೇಲೂ ಆರೋಪ ಸಾಬೀತಾಗಲಿಲ್ಲ.

ಬೀದರ್ ನಗರಕ್ಕಂತೂ ಈ ಪಟ್ಟಿಯ ರುಚಿ ಒಂದು ವರ್ಷ ಮೊದಲೇ ತಿಳಿದಿತ್ತು. 2020ರ ಎಪ್ರಿಲ್ ಆರಂಭದಲ್ಲಿ ದಿಲ್ಲಿಯ ನಿಜಾಮುದ್ದೀನ್ ಮರ್ಕಝ್‌ನಿಂದ ಮರಳಿದ ಬೀದರ್‌ನ ಕೆಲವರಲ್ಲಿ ಸೋಂಕು ಪತ್ತೆಯಾದಾಗ, ರೋಗಿಗಳನ್ನು ರೋಗಿಗಳಾಗಿ ಕಾಣುವ ಬದಲು ಇಡೀ ಸಮುದಾಯವನ್ನು ರೋಗದ ತವರಾಗಿ ಕಾಣಲಾಯಿತು. ಮುಸ್ಲಿಮರ ವಿರುದ್ಧ ಯಾರೂ ಮಾತನಾಡಕೂಡದು ಎಂದು ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಎಚ್ಚರಿಸಿದ್ದನ್ನು ನಾವು ಮರೆತಿಲ್ಲ, ಅದನ್ನು ಮೆಚ್ಚುತ್ತೇವೆ. ಆದರೆ ಆ ಎಚ್ಚರಿಕೆಗೆ ಅವರ ಪಕ್ಷದವರೇ ಕಿವಿಗೊಡಲಿಲ್ಲ. ಕೊನೆಗೆ ನ್ಯಾಯಾಲಯಗಳು ಮಾತನಾಡಿದುವು. ತಬ್ಲೀಗ್‌ನ ವಿದೇಶೀಯರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲಿ ಹೇಳಿತು. 70 ಭಾರತೀಯರ ಮೇಲಿನ ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈನಲ್ಲಿ. ಐದು ವರ್ಷಗಳ ಬಳಿಕ ಬಂದ ಈ ತೀರ್ಪು, ಅಂದು ವ್ಯಾಪಾರ ಕಳೆದುಕೊಂಡ ತಳ್ಳುಗಾಡಿಯವನಿಗೆ ಏನನ್ನು ಮರಳಿಸೀತು?

ಅಂದಹಾಗೆ, ಹೊಣೆ ಹೊರುವುದು ಅಸಾಧ್ಯವಾದ ಕೆಲಸವೇನಲ್ಲ. ಚಾಮರಾಜನಗರದ ಘಟನೆಗೆ ಏಳು ವಾರಗಳ ಮೊದಲು, 2021 ಮಾರ್ಚ್ 13ರಂದು, ಜೋರ್ಡಾನ್‌ನ ಸಾಲ್ಟ್ ನಗರದ ಸರಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ಕನಿಷ್ಠ ಆರು ಮಂದಿ ಸತ್ತರು. ಆರೋಗ್ಯ ಸಚಿವ ನಝೀರ್ ಉಬೈದಾತ್ ಅಂದೇ ರಾಜೀನಾಮೆ ಕೊಟ್ಟರು. ದೊರೆ ಅಬ್ದುಲ್ಲಾ ಸ್ವತಃ ಆಸ್ಪತ್ರೆಗೆ ಬಂದರು. ಬಳಿಕ ಆಸ್ಪತ್ರೆಯ ನಿರ್ದೇಶಕ ಸಹಿತ ಐವರಿಗೆ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಮತಪೆಟ್ಟಿಗೆಗೆ ಅಂಜಬೇಕಿಲ್ಲದ ರಾಜನ ಆಡಳಿತದಲ್ಲಿ ಸಚಿವರೊಬ್ಬರು ಕೆಲವೇ ಗಂಟೆಗಳಲ್ಲಿ ಕುರ್ಚಿ ಬಿಡುತ್ತಾರೆ. ಐದು ವರ್ಷಕ್ಕೊಮ್ಮೆ ಜನರ ಮುಂದೆ ಕೈಮುಗಿಯಬೇಕಾದ ನಮ್ಮವರು ಕುರ್ಚಿಗೆ ಅಂಟಿ ಕೂರುತ್ತಾರೆ. 1956ರಲ್ಲಿ ಅರಿಯಲೂರಿನ ರೈಲು ದುರಂತದ ಹೊಣೆ ಹೊತ್ತು ಲಾಲ್ ಬಹಾದುರ್ ಶಾಸ್ತ್ರಿಯವರು ಪದವಿ ತೊರೆದದ್ದನ್ನು ಪಾಠವಾಗಿ ಓದಿ ಬೆಳೆದ ನಾಡು ಇದೇ ತಾನೇ?

ಇನ್ನು ಬೀದರ್‌ನ ಸ್ಥಿತಿಗೆ ಬರೋಣ. ಔರಾದ್ ಮತ್ತು ಭಾಲ್ಕಿಯವರಿಗೆ ರೋಗ ಉಲ್ಬಣಿಸಿದರೆ ಸುಮಾರು 40 ಕಿಲೋಮೀಟರ್ ದೂರದ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯೇ ಗತಿ. ಅಲ್ಲೂ ಆಗದಿದ್ದರೆ ಹೈದರಾಬಾದ್. 2021ರ ಮೇ ತಿಂಗಳಲ್ಲಿ ತೆಲಂಗಾಣ ಸರಕಾರ, ಆಸ್ಪತ್ರೆಯ ಮುಂಗಡ ಒಪ್ಪಿಗೆಯಿಲ್ಲದ ಹೊರರಾಜ್ಯದ ರೋಗಿಗಳು ಗಡಿ ದಾಟಕೂಡದೆಂದು ನಿರ್ಬಂಧ ಹೇರಿತು. ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ನೀಡಬೇಕಾಯಿತು. ಉಸಿರಿಗಾಗಿ ಇನ್ನೊಂದು ರಾಜ್ಯದ ಗಡಿಯಲ್ಲಿ ಕಾಯಬೇಕಾದ ಈ ಪರಾವಲಂಬನೆಗೆ ಕಾರಣ ಯಾರು? ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ 2013ರಿಂದಲೇ ಈ ಭಾಗಕ್ಕಿದೆ. 2020 ಮತ್ತು 2021ರಲ್ಲಿ ಜಿಲ್ಲೆಯ ಉಸ್ತುವಾರಿ ಹೊತ್ತವರು ಔರಾದ್‌ನವರೇ ಆದ ಸಚಿವ ಪ್ರಭು ಚವ್ಹಾಣ್. ಸೋಂಕಿನ ಮೊದಲ ದಿನಗಳಲ್ಲಿ ಹಜ್ ಮತ್ತು ವಕ್ಫ್ ಖಾತೆಯೂ ಅವರದ್ದೇ ಆಗಿತ್ತು. ಆ ಎರಡು ವರ್ಷಗಳಲ್ಲಿ ಜಿಲ್ಲೆಗೆ ಬಂದ ಹಣವೆಷ್ಟು, ಹಾಸಿಗೆಯೆಷ್ಟು, ಆಮ್ಲಜನಕವೆಷ್ಟು ಎಂಬ ಲೆಕ್ಕವನ್ನು ಅವರು ಜನರ ಮುಂದಿಡಬೇಕು.

2023ರಲ್ಲಿ ಸರಕಾರ ಬದಲಾಯಿತು. ಭಾಲ್ಕಿಯ ಈಶ್ವರ ಖಂಡ್ರೆ ಮತ್ತು ಬೀದರ್‌ನ ರಹೀಂ ಖಾನ್ ಸಚಿವರಾದರು. ಕೋವಿಡ್ ಕಾಲದ ಖರೀದಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ರಚನೆಯಾಯಿತು. 2024 ಆಗಸ್ಟ್ 31ರಂದು ಸಲ್ಲಿಕೆಯಾದ ಮಧ್ಯಂತರ ವರದಿಯು, ಚೀನಾದ ಕಂಪೆನಿಗಳಿಂದ ಪಿಪಿಇ ಕಿಟ್ ಖರೀದಿಸಿದ್ದಕ್ಕೆ ಸಂಬಂಧಿಸಿ ಯಡಿಯೂರಪ್ಪ ಮತ್ತು ಶ್ರೀರಾಮುಲು ವಿರುದ್ಧ ಕ್ರಮಕ್ಕೆ ಶಿಫಾರಸು ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಫ್‌ಐಆರ್ ಕೂಡಾ ದಾಖಲಾಯಿತು. ಆರೋಪ ಹೊತ್ತವರು ಇದು ರಾಜಕೀಯ ದ್ವೇಷ ಎನ್ನುತ್ತಾರೆ. ವರದಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. 2020ರಲ್ಲಿ ಬೀದರ್‌ನ ಸೋಂಕಿತರಿಗೆ ಮತ್ತು 2021ರಲ್ಲಿ ಆ ಹದಿನೇಳು ಯುವಕರಿಗೆ ಯಾವ ನ್ಯಾಯವನ್ನು ನಿರಾಕರಿಸಲಾಯಿತೋ ಅದನ್ನು ನಾವು ಮಾಜಿ ಮುಖ್ಯಮಂತ್ರಿಗೆ ನಿರಾಕರಿಸಲಾರೆವು. ಆದ್ದರಿಂದಲೇ ಸತ್ಯವು ನ್ಯಾಯಾಲಯದಲ್ಲಿ ಬೇಗನೆ ಇತ್ಯರ್ಥವಾಗಬೇಕು. ಚುನಾವಣೆ ಬಂದಾಗ ತೆರೆದು, ಮುಗಿದಾಗ ಮುಚ್ಚಿಡುವ ಕಡತವಾಗಿ ಅದು ಉಳಿಯಬಾರದು.

ಈ ಮಾತನ್ನು ರಹೀಂ ಖಾನ್ ಮತ್ತು ಖಂಡ್ರೆಯವರಿಗೂ ಅಷ್ಟೇ ನೇರವಾಗಿ ಹೇಳಬೇಕಾಗಿದೆ. ನಮ್ಮವರು, ನಾವು ಗೆಲ್ಲಿಸಿದವರು ಎಂಬ ಕಾರಣಕ್ಕೆ ಪ್ರಶ್ನೆಯನ್ನು ನುಂಗಿಕೊಂಡರೆ, ನಾವೂ ಹೆಸರು ನೋಡಿಯೇ ಹೊಣೆ ಹಂಚಿದಂತಾಗುತ್ತದೆ. ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ 50 ಸಾವಿರ ರೂಪಾಯಿಯ ಪರಿಹಾರ 2021ರಲ್ಲಿ ನಿಗದಿಯಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ರಾಜ್ಯ ಸರಕಾರ ಒಂದು ಲಕ್ಷ ಘೋಷಿಸಿತು. ಪರೀಕ್ಷೆಯ ಚೀಟಿ ಇಲ್ಲವೆಂಬ ಕಾರಣಕ್ಕೆ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಈ ನೆರವು ತಪ್ಪಿದ ಮನೆಗಳೆಷ್ಟು? ತಾಲೂಕುವಾರು ಲೆಕ್ಕ ಪ್ರಕಟವಾಗಲಿ. ತಾಲೂಕು ಆಸ್ಪತ್ರೆಗಳ ಆಮ್ಲಜನಕ ವ್ಯವಸ್ಥೆಯ ಸ್ಥಿತಿಯನ್ನು ಜನರಿಗೆ ತಿಳಿಸಲಿ. ಆಯೋಗದ ವರದಿಯ ಮೇಲೆ ಸದನದಲ್ಲಿ ಪೂರ್ಣ ಚರ್ಚೆಯಾಗಲಿ.

ಸಾಂಕ್ರಾಮಿಕ ರೋಗ ಮತ್ತೊಮ್ಮೆ ಬಾರದು ಎಂದು ಯಾರೂ ಭರವಸೆ ಕೊಡಲಾರರು. ಬಂದಾಗ ಆಳುವವರು ಮೊದಲು ಹುಡುಕುವುದು ಸಿಲಿಂಡರನ್ನೋ, ದೂಷಿಸಲು ಒಂದು ಸಮುದಾಯವನ್ನೋ? ಕಳೆದ ಬಾರಿಯ ತಪ್ಪಿಗೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ ಎಂಬುದರ ಮೇಲೆಯೇ ಅದು ನಿರ್ಧಾರವಾಗಲಿದೆ.